ರಾಚಪ್ಪನ ಪ್ರಚಾರ ಕಚೇರಿ

ಕಿಟಕಿ ಮುಚ್ಚಿ ಓದಿದ್ದರೆ ಇದೇನೂ ಆಗುತ್ತಿರಲಿಲ್ಲ.

ರಾಚಪ್ಪ ಒಂಬತ್ತು ವರ್ಷ ರೇಡಿಯೋದಲ್ಲಿ ಸುದ್ದಿ ಓದಿದವನು. ಯಾರೋ ಬರೆದುಕೊಟ್ಟದ್ದನ್ನು ಓದಿ ಓದಿ ಸಾಕಾಗಿ, ನೌಕರಿ ಬಿಟ್ಟು ಗೋಕಾಕಕ್ಕೆ ಬಂದು, ಬಾಡಿಗೆ ಮನೆಯ ಬಾಗಿಲಿಗೆ ‘ಸುದ್ದಿ ಮತ್ತು ಪ್ರಚಾರ ಸಲಹೆಗಾರರು’ ಎಂದು ಫಲಕ ತೂಗುಹಾಕಿದ್ದ. ವ್ಯಾಪಾರಿಗಳ ಸುದ್ದಿಯನ್ನು ಚೆಂದಾಗಿ ಬರೆದು ಪತ್ರಿಕೆಗಳಿಗೆ ಮುಟ್ಟಿಸುವ ಕೆಲಸ. ಎರಡು ತಿಂಗಳಲ್ಲಿ ಒಳಗೆ ಬಂದವರು ಇಬ್ಬರೇ. ಇಬ್ಬರೂ ಕೇಳಿದ್ದು, ಜಾತಕ ನೋಡುತ್ತೀರಾ ಎಂದು.

ಕೊನೆಗೆ ಕರದಂಟು ಮಿಠಾಯಿ ಅಂಗಡಿಯ ದುಂಡಪ್ಪ ಒಪ್ಪಿದ. “ಬೆಳಗಾವಿ ಪೇಪರಿನವ್ರನ್ನ ಕರಸ್ರಿ. ನಿಮ್ಮಿಂದ ಗಿರಾಕಿ ಹೆಚ್ಚಾದ್ರ ಮುಂದ ನಮ್ಮ ಅಂಗಡಿ ಪ್ರಚಾರ ಎಲ್ಲಾ ನಿಮ್ದ.”

ವರದಿಗಾರ ಮಾಲಿಂಗಪ್ಪ ಹನ್ನೆರಡರ ಬಸ್ಸಿಗೆ ಬರುವವನಿದ್ದ. ಅವನಿಗೆ ಕೊಡಬೇಕಾದ ಬರಹವನ್ನು ರಾಚಪ್ಪ ಬೆಳಗ್ಗೆ ಎಂಟಕ್ಕೆ ಗಟ್ಟಿಯಾಗಿ ಓದಿ ನೋಡಿದ. ಮಾತಾಡುವಾಗ ಅವನ ದನಿ ಎಲ್ಲರಂತೆಯೇ. ಕೈಗೆ ಕಾಗದ ಬಂದರೆ ಮಾತ್ರ ಅದು ಕೋಟು ತೊಟ್ಟ ಸಾಹೇಬನಂತೆ ಗಂಭೀರವಾಗುತ್ತಿತ್ತು. “ಗೋಕಾಕದ ದುಂಡಪ್ಪನವರು ಅಂಜೂರ ಬೆರೆಸಿದ ಪುಷ್ಟಿಕರ ಕರದಂಟನ್ನು ಇಂದು ಸಾರ್ವಜನಿಕರಿಗೆ ಅರ್ಪಿಸುತ್ತಿದ್ದಾರೆ.”

ಬಾಜೂ ಮನೆಯ ಕಾಶೆವ್ವ ಕಸಬರಿಗೆ ಕೆಳಗಿಟ್ಟಳು. ಓಣಿಯಲ್ಲಿ ರೇಡಿಯೋ ಇದ್ದದ್ದು ರಾಚಪ್ಪನ ಮನೆಯಲ್ಲಿ ಮಾತ್ರ.

“ಭರಮವ್ವಾ, ನಮ್ಮ ದುಂಡಪ್ಪನ ಹೆಸರು ರೇಡಿಯೋದಾಗ ಬಂತ ನೋಡ,” ಎಂದು ಎದುರುಮನೆಗೆ ಹೇಳಿದಳು.

“ಏನಂದ್ರ?”

“ಕರದಂಟು ತಿಂದ್ರ ಪುಷ್ಟಿ ಬರ್ತೈತಂತ.”

ಭರಮವ್ವನ ಬಾಯಲ್ಲಿ ಅದು ಮಂಡಿನೋವಿನ ಔಷಧವಾಯಿತು. ಸುದ್ದಿ ಗೋಕಾಕ ಫಾಲ್ಸ್ ಮುಟ್ಟುವಷ್ಟರಲ್ಲಿ ಸರ್ಕಾರವೇ ರೇಶನ್ ಕಾರ್ಡಿನ ಮೇಲೆ ಕರದಂಟು ಹಂಚುತ್ತಿತ್ತು.

ಹನ್ನೊಂದಕ್ಕೆ ರಾಚಪ್ಪ ಬಂದಾಗ ಅಂಗಡಿಯೊಳಗೆ ಕಾಲಿಡಲು ಜಾಗವಿರಲಿಲ್ಲ. “ಪಾಳಿಗೆ ನಿಂದರ್ರಿ,” ಎಂದು ಮುದುಕನೊಬ್ಬ ಅವನ ಅಂಗಿ ಹಿಡಿದು ಹಿಂದಕ್ಕೆಳೆದ. ಕೆಲವರ ಕೈಯಲ್ಲಿ ರೇಶನ್ ಕಾರ್ಡು, ಕೆಲವರ ಕೈಯಲ್ಲಿ ಊರುಗೋಲು. ದುಂಡಪ್ಪ ಬೆವರಿ ಬೆಲ್ಲದ ಪಾಕದಂತೆ ಹೊಳೆಯುತ್ತಿದ್ದ. ಮಾಲಿಂಗಪ್ಪ ಬಸ್ಸಿಳಿದು ಬರುವ ಹೊತ್ತಿಗೆ ಕೊನೆಯ ತಟ್ಟೆಯೂ ಖಾಲಿಯಾಗುತ್ತ ಬಂದಿತ್ತು.

“ಇಷ್ಟ ಮಂದಿಗೆ ಹೇಳಿದವ್ರ ಯಾರ್ರಿ?” ಎಂದು ಮಾಲಿಂಗಪ್ಪ ಪೆನ್ಸಿಲ್ ತೆಗೆದ.

“ರೇಡಿಯೋದಾಗ ಬಂತ್ರಿ,” ಎಂದ ದುಂಡಪ್ಪ ಹೆಮ್ಮೆಯಿಂದ. ಮಾಲಿಂಗಪ್ಪ ಹಾಗೆಯೇ ಬರೆದುಕೊಂಡ.

“ರೇಡಿಯೋ ಅಲ್ರಿ, ನಾನು. ಮನ್ಯಾಗ ಓದಾಕತ್ತಿದ್ನಿ,” ಎಂದ ರಾಚಪ್ಪ.

ದುಂಡಪ್ಪ ಅವನ ಹೆಗಲ ಮೇಲೆ ಕೈಯಿಟ್ಟ. “ಬ್ಯಾಸರ ಮಾಡ್ಕೋಬ್ಯಾಡ್ರಿ ರಾಚಪ್ಪನವ್ರ. ರೇಡಿಯೋದವ್ರ ತಾವಾಗೇ ಹೇಳಾಕತ್ತಿದ ಮ್ಯಾಲ ನನಗ ಪ್ರಚಾರಕ್ಕ ಬ್ಯಾರೆ ಮನಶ್ಯಾ ಯಾಕ ಬೇಕ್ರಿ?”

ರಾಚಪ್ಪ ಪೊಟ್ಟಣ ಹಿಡಿದು ಹೊರಟಿದ್ದ ಕಾಶೆವ್ವನನ್ನು ತಡೆದ. “ಕಾಶೆವ್ವಕ್ಕಾ, ನೀವರ ಹೇಳ್ರಿ. ಮುಂಜಾನೆ ಕೇಳಿದ್ದು ನನ್ನ ದನಿ ಹೌದಲ್ರಿ?”

ಕಾಶೆವ್ವ ಕನಿಕರದಿಂದ ನೋಡಿದಳು. “ಕಾಯಿಪಲ್ಯೆ ಕೊಳ್ಳುವಾಗ ನಿಮ್ಮ ದನಿ ದಿನಾ ಕೇಳ್ತೇನಲ್ರಿ. ಇವ ಯಾವನೋ ಹೊಸಬ. ಏನ್ ಚಂದ ಓದ್ತಾನ್ರಿ. ನೀವು ಆ ನೌಕರಿ ಬಿಟ್ಟದ್ದ ಚಲೋ ಆತು ಬಿಡ್ರಿ.”

ಹಾಗೆಂದು ತನ್ನ ಪೊಟ್ಟಣದಿಂದ ಒಂದು ತುಣುಕು ಮುರಿದು ಅವನ ಕೈಗಿಟ್ಟಳು. ರಾಚಪ್ಪ ಬಾಯಿಗೆ ಹಾಕಿಕೊಂಡ. ತಾನು ಬರೆದಿದ್ದಕ್ಕಿಂತ ಚೆನ್ನಾಗಿಯೇ ಇತ್ತು.