ಮಾತಾಡುವ ಕಂಪ್ಯೂಟರೂ ನನ್ನ ಮಾನವೂ

ನನ್ನ ಹಳೇ ಕಂಪ್ಯೂಟರ್ ಬಾಯಿ ಬಿಟ್ಟಾಗಲೆಲ್ಲ ನಾನು ತಲೆ ತಗ್ಗಿಸುವುದು ನಡೆದೇ ಇದೆ. ಟೀವಿಗೆ ಸಿಕ್ಕಿಸಿ, ಕ್ಯಾಸೆಟ್ಟಿನಿಂದ ಪ್ರೋಗ್ರಾಂ ತುಂಬಿ ನಡೆಸುವ ಯಂತ್ರ ಅದು. ಅದಕ್ಕೆ ಮಾತು, ಸಂಗೀತ ಕಲಿಸುವುದು ನನ್ನ ಹುಚ್ಚು. "ಮಗಳಿಗೆ ಗಂಡು ನೋಡ್ತಿದೀವಿ. ಅವಳ ಮದುವೆ ಆಗೋವರೆಗಾದ್ರೂ ಮಾನ ಉಳಿಸ್ರೀ" ಎಂದು ಹೆಂಡತಿ ಬೇಡಿಕೊಂಡಿದ್ದಳು.

ಸೆಕ್ಯುರಿಟಿ ಬಂದ

ಮಾದನಾಯಕನಹಳ್ಳಿಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಒಂದು ಭಾನುವಾರ ಕ್ಯಾಸೆಟ್ ಹಾಕಿದೆ. ಪ್ರೋಗ್ರಾಂ ತುಂಬುವಾಗ ಅದು ಕೀಂಯ್ ಎಂದು ಅರಚುತ್ತದೆ. ಕೆಳಮನೆಯವರ ದೂರು ಹೊತ್ತು ಸೆಕ್ಯುರಿಟಿ ಬಂದ.

"ನಮಸ್ಕಾರ ಸಾರ್, ಏನ್ ಕುಯ್ತಾ ಇದೀರಾ?"

"ಸ್ವಲ್ಪ ತಾಳಪ್ಪ, ಈಗ ಮಾತಾಡತ್ತೆ" ಎಂದು ಕುರ್ಚಿ ಕೊಟ್ಟೆ. ಪಾಪ, ಆಕಳಿಸುತ್ತಾ ಕೂತ. ಕೊನೆಗೂ ಕಂಪ್ಯೂಟರ್, ಮೂಗು ಕಟ್ಟಿದ ದನಿಯಲ್ಲಿ, "ನಮಸ್ಕಾರ" ಎಂದಿತು.

"ಇಷ್ಟಕ್ಕಾ ಸಾರ್? ನಾನು ಬಂದ ತಕ್ಷಣ ಹೇಳಿದ್ನಲ್ಲ!"

ಪೀಣ್ಯದ ಮಂಗಳವಾದ್ಯ

ನಾನು ಮೇಂಟೆನೆನ್ಸ್ ನೋಡಿಕೊಳ್ಳುವ ಪೀಣ್ಯದ ಫ್ಯಾಕ್ಟರಿಯಲ್ಲಿ ಆಯುಧಪೂಜೆ. ಕುಂಬಳಕಾಯಿ ಒಡೆದು, ಎಲ್ಲ ಮೆಷೀನುಗಳನ್ನೂ ಒಟ್ಟಿಗೆ ಚಾಲೂ ಮಾಡಿ, ಓನರ್ ಮಂಗಳಾರತಿ ಎತ್ತುವುದು ಪದ್ಧತಿ. ವಾದ್ಯ ಮಾತ್ರ ನನ್ನ ಕಂಪ್ಯೂಟರಿನದೇ ಆಗಬೇಕೆಂದು ದುಂಬಾಲು ಬಿದ್ದು ಒಪ್ಪಿಸಿದ್ದೆ.

ಅದು ಪೀಂಪೀಂ ಎಂದಿದ್ದೇ ತಡ, ಮೆಷೀನಿನ ಅಲಾರಂ ಹೊಡೆಯಿತು ಎಂದುಕೊಂಡು ಆಪರೇಟರುಗಳೆಲ್ಲ ಓಡಿಹೋಗಿ ಮೆಷೀನು ನಿಲ್ಲಿಸುವ ಕೆಂಪು ಬಟನ್ ಒತ್ತಿಬಿಟ್ಟರು. ಇಡೀ ಶೆಡ್ಡು ನಿಶ್ಶಬ್ದ. ನನ್ನ ವಾದ್ಯವೊಂದೇ ಕೇಳುತ್ತಿತ್ತು. ನಾಚಿಕೆಯಿಂದ ಸತ್ತೇಹೋದೆ. ಆರತಿ ತಟ್ಟೆ ಹಿಡಿದ ಓನರ್ ನನ್ನತ್ತ ತಿರುಗಿದರು.

"ಸ್ಟ್ರೈಕಲ್ಲೂ ನಮ್ ಫ್ಯಾಕ್ಟರಿ ಇಷ್ಟು ಬೇಗ ನಿಂತಿರ್ಲಿಲ್ಲ ಕಣ್ರೀ."

ಬೀಗರ ಸ್ವಾಗತ

ಇದನ್ನು ಬರೆಯುವಾಗಲೂ ಮುಖ ಬಿಸಿಯಾಗುತ್ತದೆ. ಮಹದೇವಪುರದಿಂದ ಗಂಡಿನ ಕಡೆಯವರು ಹೆಣ್ಣು ನೋಡಲು ಬಂದರು. ಗಂಡಿನ ತಂದೆ ಗದಗ ಕಡೆಯ ನಿವೃತ್ತ ಮೇಷ್ಟ್ರು. ಕಂಪ್ಯೂಟರ್ ಕನ್ನಡ ಮಾತಾಡಿದರೆ ಮೆಚ್ಚಿಕೊಳ್ಳುತ್ತಾರೆ ಎಂಬ ದುರಾಸೆ ನನಗೆ. ಹೆಂಡತಿಗೆ ಹೇಳದೆ, ಬಂದಾಗ "ಬನ್ನಿ, ಕೂತ್ಕೊಳ್ಳಿ" ಎನ್ನುವುದನ್ನೂ ಹೊರಡುವಾಗ "ಹೋಗಿ ಬನ್ನಿ" ಎನ್ನುವುದನ್ನೂ ಕಲಿಸಿಟ್ಟಿದ್ದೆ. ನಡುವೆ ಕಾಯಬೇಕೆಂದೂ ಒಮ್ಮೆ ಹೇಳಿ ಸುಮ್ಮನಾಗಬೇಕೆಂದೂ ಹೇಳಿಕೊಡುವುದನ್ನು ಮರೆತಿದ್ದೆ.

"ಬನ್ನಿ, ಕೂತ್ಕೊಳ್ಳಿ" ಎಂದಿತು. ಕೂತರು. ಉಪ್ಪಿಟ್ಟಿನ ತಟ್ಟೆ ಕೈಗೆ ಬಂತು. "ಹೋಗಿ ಬನ್ನಿ" ಎಂದಿತು. ಮೇಷ್ಟ್ರು ತಟ್ಟೆ ಕೆಳಗಿಟ್ಟರು. "ಬನ್ನಿ, ಕೂತ್ಕೊಳ್ಳಿ." ಎತ್ತಿಕೊಂಡರು. "ಹೋಗಿ ಬನ್ನಿ." ಹುಡುಗನ ತಾಯಿ ಸೆರಗು ಸರಿಮಾಡಿಕೊಂಡು ಬ್ಯಾಗ್ ಹುಡುಕತೊಡಗಿದರು. ಹೆಂಡತಿಯ ಕಣ್ಣು ತುಂಬಿತ್ತು. ಆರಿಸೋಣವೆಂದರೆ ಸ್ವಿಚ್ಚು ಇದ್ದದ್ದು ಅವರು ಕೂತ ಸೋಫಾದ ಹಿಂದೆ. ಬೇರೆ ದಾರಿಯಿಲ್ಲದೆ ನಾನೂ ಕೈಮುಗಿದು ಕೇಳಿದೆ:

"ಸ್ವಲ್ಪ ಏಳ್ತೀರಾ?"

ಕೊನೆಗೆ ಹುಡುಗನೇ ಬಗ್ಗಿ ಪ್ಲಗ್ ಕಿತ್ತ. ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ನೋಡ್ರಿ, ಈ ಸಂಬಂಧಕ್ಕ ನಮ್ಮದೊಂದು ಕಂಡೀಷನ್ ಐತ್ರಿ."

ಮುಗಿದ ಕೈ ಹಾಗೇ ಹಿಡಿದು ನಾನು ಮುಂದೆ ಬಾಗಿದೆ.

"ಮದುವಿಗೆ ಅದನ್ನ ಕರೀಬ್ಯಾಡ್ರಿ."

ನಾನು ಉತ್ತರಿಸುವ ಮೊದಲೇ, ಹುಡುಗನ ಮುಖವನ್ನೇ ಇನ್ನೂ ನೋಡಿರದ ನನ್ನ ಮಗಳು ಅಡುಗೆಮನೆಯಿಂದ ಕೂಗಿದಳು:

"ನಂಗೆ ಒಪ್ಗೆ!"