ಕನ್ನಡಿಯ ಮುಂದೆ ನಾನು, ಬೆನ್ನ ಹಿಂದೆ ಅತ್ತೆ

ನಮ್ಮ ಮನೆಯಲ್ಲಿ ಯಾವ ಒಳ್ಳೆಯ ಕೆಲಸವೂ ನೆಟ್ಟಗೆ ಶುರುವಾಗಿ ನೆಟ್ಟಗೆ ಮುಗಿದದ್ದಿಲ್ಲ. ಉಪ್ಪಿಟ್ಟು ಮಾಡಲು ಹೋದರೂ ಒಂದು ಪ್ರಸಂಗ ಆಗಿಯೇ ತೀರುತ್ತದೆ. ಹಾಗಿರುವಾಗ ನಾನು ಆತ್ಮವಿಶ್ವಾಸ ಬೆಳೆಸಿಕೊಳ್ಳಲು ಹೊರಟರೆ ಅದು ಸುಮ್ಮನೆ ಬಿಟ್ಟೀತೇ?

ನಾನು ಶಾಲೆಯ ಟೀಚರ್. ಮನೆ ಧಾರವಾಡದಲ್ಲಿ. ಹೋದ ವರ್ಷ ಅಮ್ಮಿನಬಾವಿಯ ಆಚೆಗಿನ ಒಂದು ಶಾಲೆಗೆ ವರ್ಗವಾಯಿತು. ಬಸ್ಸು ಹಿಡಿದು, ಇಳಿದು, ಮತ್ತೆ ನಡೆದು ಮುಟ್ಟುವ ಹೊತ್ತಿಗೆ ಮಕ್ಕಳು ಪ್ರಾರ್ಥನೆ ಮುಗಿಸಿ ಒಳಗೆ ಕೂತಿರುತ್ತಿದ್ದರು. "ಹಿಂಗ ತಡಾ ಆದ್ರ ನಾ ಮ್ಯಾಲಿನವರಿಗೆ ಬರೀಬೇಕಾಗ್ತೇತ್ರಿ ಟೀಚರ್" ಎಂದು ಹೆಡ್ ಮಾಸ್ತರು ಮೆತ್ತಗೆ ಹೇಳಿದರು. ಮೆತ್ತಗೆ ಹೇಳಿದ್ದೇ ಹೆಚ್ಚು ಚುಚ್ಚಿತು.

ಸ್ಕೂಟರ್ ಕಲಿಯದೆ ಬೇರೆ ದಾರಿ ಇರಲಿಲ್ಲ. ಕಲಿತೆ ಕೂಡ. ಆದರೆ ಲೈಸೆನ್ಸ್ ಪರೀಕ್ಷೆಯ ದಿನ, ಎಂಟರ ಆಕಾರದ ಗೆರೆಯ ಮೇಲೆ ಗಾಡಿ ತಿರುಗಿಸಬೇಕು ಎನ್ನುವಾಗ ಕೈ ನಡುಗಿತು, ಕಾಲು ನೆಲಕ್ಕೆ ತಾಗಿತು. ಫೇಲಾಗಿ ಮನೆಗೆ ಬಂದೆ.

ಒಂದು: ಒಳ್ಳೆಯ ಮಾತು

ಅದೇ ವಾರ ನಮಗೆಲ್ಲ ತರಬೇತಿ ಇತ್ತು. ಬೆಂಗಳೂರಿನಿಂದ ಬಂದ ಮೇಡಂ, "ನಮ್ಮ ಬಗ್ಗೆ ನಾವೇ ಒಳ್ಳೇದು ಹೇಳ್ಕೋಬೇಕು. ಆಗ ಮನಸ್ಸು ಅದನ್ನೇ ನಂಬುತ್ತೆ. ಈಗ ಒಬ್ಬೊಬ್ಬರೇ ಎದ್ದು ನಿಮ್ಮ ಬಗ್ಗೆ ಒಂದು ಒಳ್ಳೇ ಮಾತು ಹೇಳಿ" ಎಂದರು.

ಧಾರವಾಡದ ಮಂದಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ಯಾರಾದರೂ ಹೊಗಳಿದರೆ "ಎಲ್ಲೀದ ತಗೀರಿ" ಎಂದು ತಲೆ ತಗ್ಗಿಸುವುದೇ ನಮ್ಮಲ್ಲಿ ಸಂಸ್ಕಾರ. ಮೊದಲನೆಯವರು ಎದ್ದು, "ನಂದೇನೈತ್ರಿ, ಇವರ ಭಾಳ ಛಲೋ ಕಲಸ್ತಾರ" ಎಂದು ಪಕ್ಕದವರನ್ನು ತೋರಿಸಿದರು. ಪಕ್ಕದವರು, "ಛೇ ಛೇ, ಇವರ ಮುಂದ ನಾನ್ಯಾರ್ರಿ" ಎಂದು ತಮ್ಮ ಪಕ್ಕದವರನ್ನು ತೋರಿಸಿದರು. ಒಳ್ಳೆಯತನವು ಹೀಗೆ ಯಾರ ಮೇಲೂ ನಿಲ್ಲದೆ ಸಾಲಿನಿಂದ ಸಾಲಿಗೆ ದಾಟುತ್ತ, ಕಟ್ಟಕಡೆಗೆ ಕೂತ ಗಣಿತದ ಸರ್ ತನಕ ಬಂತು. ಅವರ ಪಕ್ಕದಲ್ಲಿ ಗೋಡೆ. ತೋರಿಸಲು ಯಾರೂ ಇಲ್ಲ. ಸರ್ ಬೆವರು ಒರೆಸಿಕೊಂಡು, "ನನ್ನ ಬಿಪಿ ನಾರ್ಮಲ್ ಐತ್ರಿ" ಎಂದರು.

ಮೇಡಂ ಜೋರಾಗಿ ಚಪ್ಪಾಳೆ ತಟ್ಟಿದರು. ಸರ್ ಗಾಬರಿಯಾಗಿ, "ಅದು ಹ್ವಾದ ತಿಂಗಳದ್ದ್ರಿ, ಈಗ ಹೆಂಗೈತೋ ಯಾರಿಗ್ಗೊತ್ತು!" ಎಂದು ಹೇಳಿ ಕೂತುಬಿಟ್ಟರು.

ಎರಡು: ನೆದರು

ನಾನು ಮಾತ್ರ ಮೇಡಂ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಮರುದಿನ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು, "ನಾನು ಧೈರ್ಯಶಾಲಿ. ನನಗೆ ಎಲ್ಲವೂ ಸಾಧ್ಯ. ನಾನು ಅದ್ಭುತವಾಗಿ ಗಾಡಿ ಓಡಿಸುತ್ತೇನೆ" ಎಂದು ಕೂಗಿ ಹೇಳಿದೆ.

ಅತ್ತೆಯವರು ರೊಟ್ಟಿ ಬಡಿಯುವುದನ್ನು ಬಿಟ್ಟು ಹಿಟ್ಟಿನ ಕೈಯಲ್ಲೇ ಓಡಿ ಬಂದರು. "ಯಾರ ಜೋಡಿ ಜಗಳಾ ತಗದೀಯವಾ?"

ಹೀಗೆ ಹೀಗೆ ಎಂದು ತಿಳಿಸಿ ಹೇಳಿದೆ. ಅವರ ಮುಖ ಬಿಳುಚಿತು. "ಮಂದಿ ನೆದರ ಆದ್ರ ತಗೀಬಹುದು. ತನ್ನ ನೆದರ ತಾನ ಹಾಕ್ಕೊಂಡ್ರ ಹೆಂಗ ತಗೀಲಿ?" ಎಂದವರೇ ಉಪ್ಪು, ಸಾಸಿವೆ, ಒಣ ಮೆಣಸಿನಕಾಯಿ ತಂದು ನನಗೆ ದೃಷ್ಟಿ ಇಳಿಸಿ, ಅದನ್ನು ಕಾದ ಹಂಚಿನ ಮೇಲೆ ಹಾಕಿದರು. ಘಾಟಿಗೆ ನಮ್ಮ ಯಜಮಾನರು ಬಚ್ಚಲಮನೆಯಿಂದ ಟವೆಲಿನಲ್ಲೇ ಅಂಗಳಕ್ಕೆ ಓಡಿದರು. ನಾನು "ನಾನು ಆರೋಗ್ಯವಂತೆ" ಎಂಬ ವಾಕ್ಯವನ್ನು ಕೆಮ್ಮುತ್ತ ಕೆಮ್ಮುತ್ತ ಮುಗಿಸಿದೆ.

ದಿನಾ ಇದೇ ಹಾಡಾದ ಮೇಲೆ ಒಂದು ರಾಜಿ ಆಯಿತು. ನಾನು ಒಳ್ಳೆಯದು ಹೇಳಿಕೊಳ್ಳುವುದು, ಅತ್ತೆಯವರು ಹಿಂದೆ ನಿಂತು ಕೂಡಲೇ ಅದನ್ನು ಅಳಿಸಿಹಾಕುವುದು. ಹಾಗೆ ಮಾಡಿದರೆ ನೆದರು ಮೋಸ ಹೋಗುತ್ತದೆ ಎಂಬುದು ಅವರ ಲೆಕ್ಕ.

"ನಾನು ಧೈರ್ಯಶಾಲಿ."

"ಎಲ್ಲೀ ಧೈರ್ಯಾ, ಹಲ್ಲಿ ಕಂಡ್ರ ಮಂಚಾ ಏರ್ತಾಳ."

"ನನ್ನ ಕೈಯಲ್ಲಿ ಏನು ಬೇಕಾದರೂ ಆಗುತ್ತದೆ."

"ಚಾಕ್ಕ ಸಕ್ಕರಿ ಹಾಕಾಕ ಬರೂದಿಲ್ಲ."

"ನಾನು ಸುಂದರವಾಗಿದ್ದೇನೆ."

ಅತ್ತೆಯವರು ಸ್ವಲ್ಪ ಹೊತ್ತು ಕನ್ನಡಿಯಲ್ಲಿ ನನ್ನನ್ನೇ ನೋಡಿದರು. "ಇದಕ್ಕೇನೂ ಹೇಳೂದು ಬ್ಯಾಡ ಬಿಡವಾ, ನೆದರ ತಾನ ತಿಳ್ಕೊಂತೇತಿ" ಎಂದು ರೊಟ್ಟಿ ಬಡಿಯಲು ಹೋದರು.

ಮೂರು: ರಸ್ತೆ ಯಾರದು?

ಗಾಡಿ ಓಡಿಸುವಾಗಲೂ ಒಂದು ವಾಕ್ಯ ಇರಲಿ ಎಂದು "ಈ ರಸ್ತೆ ನನ್ನದು" ಎಂಬುದನ್ನು ಆರಿಸಿಕೊಂಡೆ. ಒಂದು ಭಾನುವಾರ ಯಜಮಾನರನ್ನು ಹಿಂದೆ ಕೂರಿಸಿಕೊಂಡು ಹುಬ್ಬಳ್ಳಿ ರಸ್ತೆಯಲ್ಲಿ ಅದನ್ನೇ ಜಪಿಸುತ್ತ ಹೊರಟೆ. ರಸ್ತೆ ಎಷ್ಟು ಖಾಲಿ! ಎದುರಿಗೆ ಒಂದು ನರಪಿಳ್ಳೆ ಇಲ್ಲ. ಮೇಡಂ ಹೇಳಿದ್ದು ಖರೆ, ಮನಸ್ಸು ನಂಬಿದರೆ ಜಗತ್ತೇ ದಾರಿ ಬಿಡುತ್ತದೆ ಎಂದು ಹಿಗ್ಗಿದೆ.

ಹಿಂದಿನಿಂದ ಎದೆ ಒಡೆಯುವಂಥ ಹಾರ್ನ್ ಕೇಳಿತು. ಗಕ್ಕನೆ ಬ್ರೇಕ್ ಹಾಕಿದೆ. ನಾನು ಹೊಕ್ಕಿದ್ದು ನಡುವಿನ, ಬಸ್ಸಿಗೆಂದೇ ಬಿಟ್ಟ ರಸ್ತೆಯನ್ನು. ಬಸ್ಸು ಬೆನ್ನಿಗೇ ಬಂದು ನಿಂತಿತ್ತು. ಯಜಮಾನರು ಆಗಲೇ ಹಾರಿ ಇಳಿದು, ತಮಗೂ ನನಗೂ ಸಂಬಂಧವೇ ಇಲ್ಲದವರಂತೆ ದೂರ ನಿಂತಿದ್ದರು.

ಪೊಲೀಸಪ್ಪ ಬಂದು, "ಅಕ್ಕಾರ, ಇದು ಯಾರ ರಸ್ತಿ ಅಂತ ತಿಳದೀರಿ?" ಎಂದ.

ಬಾಯಿಗೆ ರೂಢಿಯಾಗಿಬಿಟ್ಟಿತ್ತಲ್ಲ. "ನನ್ನದು" ಎಂದೆ.

ಯಜಮಾನರು ದೂರದಿಂದಲೇ ಕೈ ಮುಗಿದರು. "ಸಿಟ್ಟಾಗಬ್ಯಾಡ್ರಿ ಸರ್, ಆಕಿಗೆ ತರಬೇತಿ ಆಗೇತಿ."

ಪೊಲೀಸಪ್ಪ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹಂಗಾರ ಲಗೂನ ಯಾರಿಗರ ತೋರಿಸಿ ಇಳಸ್ರಿ ಅದನ್ನ" ಎಂದ.

ನಾಲ್ಕು: ಎರಡನೆಯ ಪರೀಕ್ಷೆ

ಅಷ್ಟರಲ್ಲಿ ಹೆಡ್ ಮಾಸ್ತರ ತಾಳ್ಮೆ ಮುಗಿದಿತ್ತು. ಈ ಸಲ ಲೈಸೆನ್ಸ್ ಸಿಗದಿದ್ದರೆ ಮೇಲಿನವರಿಗೆ ಪತ್ರ ಹೋಗುವುದು ಖಂಡಿತ. ಆ ಭಯದಲ್ಲಿ ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆಯೂ ಬರಲಿಲ್ಲ. ಬೆಳಿಗ್ಗೆ ಅತ್ತೆಯವರು ಇಳಕಲ್ ಸೀರೆ ಉಟ್ಟು, "ಅಲ್ಲಿ ಭಾಳ ಮಂದಿ ಇರ್ತಾರ, ನೆದರ ಆಗ್ತೇತಿ, ನಾನೂ ಬರ್ತೀನಿ" ಎಂದು ನನ್ನ ಜೊತೆಗೇ ಹೊರಟರು. ಬೇಡ ಎನ್ನುವ ಧೈರ್ಯ ಯಾರಿಗಿದೆ?

ನನ್ನ ಸರದಿ ಬಂತು. ಇನ್‌ಸ್ಪೆಕ್ಟರ್ ಸಾಹೇಬರು, "ಗಾಡಿ ಛಲೋ ಬರ್ತೇತೇನ್ರಿ?" ಎಂದು ಸುಮ್ಮನೆ ಕೇಳಿದರು.

"ನಾನು ಅದ್ಭುತವಾಗಿ ಗಾಡಿ ಓಡಿಸುತ್ತೇನೆ" ಎಂದೆ.

ಬೆನ್ನ ಹಿಂದಿನಿಂದ ಅತ್ತೆಯವರ ದನಿ ತಡವಿಲ್ಲದೆ ಬಂತು. "ಸುಳ್ಳ್ರಿ ಸಾಹೇಬ್ರ! ಏನೂ ಬರೂದಿಲ್ಲ. ಮೊನ್ನೆ ಬಸ್ಸಿಗೆ ಅಡ್ಡ ಹೋಗಿದ್ಲು."

ಸಾಹೇಬರು ಪೆನ್ನು ಕೆಳಗಿಟ್ಟರು. "ಮನ್ಯಾವರ ಹಿಂಗ ಹೇಳಿದ್ರ ನಾ ಏನ್ ಮಾಡ್ಲಿ? ಮುಂದಿನ ತಿಂಗಳ ಬರ್ರಿ."

ನನಗೆ ಅಳು ಬರಬೇಕಿತ್ತು, ಸಿಟ್ಟು ಬಂತು. ಕಲಿತ ವಾಕ್ಯಗಳೆಲ್ಲ ಮರೆತುಹೋದವು. "ಬರ್ತೇತ್ರಿ! ಛಲೋ ಬರ್ತೇತಿ! ಬಿಸಲಾಗ, ಧೂಳಿನ್ಯಾಗ ಬಿದ್ದೆದ್ದು ಕಲತೇನಿ. ನೋಡಿ ಆಮ್ಯಾಲ ಫೇಲ್ ಮಾಡ್ರಿ, ನೋಡದ ಕಳಸಬ್ಯಾಡ್ರಿ!" ಎಂದೆ. ಮೈದಾನದ ಮಂದಿಯೆಲ್ಲ ತಿರುಗಿ ನೋಡಿದರು. ಅಷ್ಟು ದೊಡ್ಡ ದನಿ ನನ್ನೊಳಗಿದೆ ಎಂದು ನನಗೇ ಗೊತ್ತಿರಲಿಲ್ಲ.

ಸಾಹೇಬರು ನಮ್ಮಿಬ್ಬರನ್ನೂ ದುರುಗುಟ್ಟಿ ನೋಡಿದರು. "ಹಂಗಾರ ಅಮ್ಮಾರ, ನೀವ ಹಿಂದ ಕೂಡ್ರಿ. ಯಾರ್ದು ಖರೇ ಅಂತ ಈಗ ಗೊತ್ತಾಗ್ತೇತಿ."

ಮುದುಕಿ ಹೆದರಿ ಹಿಂದೆ ಸರಿಯುತ್ತಾಳೆ ಎಂದುಕೊಂಡಿದ್ದರೋ ಏನೋ. ಅತ್ತೆಯವರು ಸೆರಗು ಸಿಕ್ಕಿಸಿಕೊಂಡು ಒಂದೇ ಏಟಿಗೆ ಹತ್ತಿ ಕೂತರು. ನಾನು ಗೆರೆಯ ಮೇಲೆ ಗಾಡಿ ತಿರುಗಿಸುವಷ್ಟು ಹೊತ್ತೂ ಕಿವಿಯ ಹತ್ತಿರ, "ಬಿದ್ಲು! ಈಗ ಬಿದ್ಲು! ಗೆರಿ ದಾಟಿದ್ಲು ನೋಡ್ರಿ!" ಎಂದು ಊರಿಗೆಲ್ಲ ಕೇಳುವಂತೆ ಒದರುತ್ತಲೇ ಇದ್ದರು. ಸಿಟ್ಟಿನಲ್ಲಿ ನನಗೆ ನಡುಗಲು ಪುರುಸೊತ್ತೇ ಸಿಗಲಿಲ್ಲ. ಕಾಲು ನೆಲಕ್ಕೆ ತಾಗಲಿಲ್ಲ. ಪಾಸಾದೆ.

ನಾನು ಗಾಡಿ ನಿಲ್ಲಿಸುತ್ತಿದ್ದಾಗ ಸಾಹೇಬರು ಅತ್ತೆಯವರನ್ನು ಪಕ್ಕಕ್ಕೆ ಕರೆದು ಕೇಳಿದರು. "ಖರೇ ಹೇಳ್ರಿ ಅಮ್ಮಾರ. ಆಕಿಗೆ ಏನೂ ಬರೂದಿಲ್ಲ ಅಂದ್ರಿ. ಮತ್ತ ಹೆಂಗ ಧೈರ್ಯಾ ಮಾಡಿ ಹಿಂದ ಕುಂತ್ರಿ?"

ನನಗೆ ಕೇಳಿಸುವುದಿಲ್ಲ ಎಂದುಕೊಂಡು ಅತ್ತೆಯವರು ಸೆರಗನ್ನು ಬಾಯಿಗೆ ಅಡ್ಡ ಹಿಡಿದರು. "ಭಾಳ ಛಲೋ ಓಡಸ್ತಾಳ್ರಿ ನನ್ನ ಸೊಸಿ. ಇಲ್ಲಾಂದ್ರ ಈ ವಯಸ್ಸಿನ್ಯಾಗ ಹಿಂದ ಕೂಡ್ರಾಕ ನನಗೇನ್ ಹುಚ್ಚೇನ್ರಿ? ಆದ್ರ ಈ ಮಾತು ಆಕಿ ಮುಂದ ಆಡಬ್ಯಾಡ್ರಿ ಮತ್ತ. ನಾನ ಇನ್ನೂ ಹೇಳಿಲ್ಲ."