ಎಡಿಟರ್ ಮಹಾಶಯರೇ, ನಮ್ಮ ಹಸಿರನ್ನು ಮರಳಿಸಿ

ಮಾನ್ಯ ಕೋಡ್ ಎಡಿಟರ್ ಮಹಾಶಯರೇ,

ತಾವೆಂಬ ತಂತ್ರಾಂಶದಲ್ಲಿ ಲಿಫ್ಟುಗಳಿಗೆ ಪ್ರೋಗ್ರಾಂ ಬರೆದು ಹೊಟ್ಟೆ ಹೊರೆಯುತ್ತಾ, ಹನ್ನೊಂದು ವರ್ಷಗಳಿಂದ ದಿನಕ್ಕೆ ಎಂಟು ಗಂಟೆ ತಮ್ಮ ಮುಖವನ್ನೇ ನೋಡುತ್ತಿರುವ, ಕಟ್ಟಿಕೊಂಡ ಗಂಡನ ಮುಖವನ್ನೂ ಅಷ್ಟು ಹೊತ್ತು ನೋಡದ ಈ ಬಡಪಾಯಿಯ ಅನಂತ ನಮಸ್ಕಾರಗಳು. ತಾವು ಕ್ಷೇಮವೆಂದೇ ನಂಬಿದ್ದೇನೆ. ಮಂಗಳವಾರ ಬೆಳಿಗ್ಗೆ ನಾನು ಚಹಾ ತರಲು ಎದ್ದುಹೋದ ಐದು ನಿಮಿಷದಲ್ಲಿ ಹೇಳದೆ ಕೇಳದೆ ತಮ್ಮನ್ನು ತಾವೇ ಅಪ್‌ಡೇಟ್ ಮಾಡಿಕೊಂಡಿರಲ್ಲ, ಅಷ್ಟು ಚುರುಕಾಗಿರುವವರಿಗೆ ಕಾಯಿಲೆ ಎಲ್ಲಿಂದ ಬರಬೇಕು.

ಬಂದು ನೋಡಿದರೆ ಪರದೆಯ ಮೇಲೆ ಬಣ್ಣವೇ ಇಲ್ಲ. ಆಜ್ಞೆಗಳ ನೀಲಿ, ಅಂಕಿಗಳ ಕಿತ್ತಳೆ, ಯಂತ್ರ ಓದದೆ ದಾಟಿಹೋಗುವ ಟಿಪ್ಪಣಿಗಳ ಹಸಿರು, ಎಲ್ಲವೂ ಒಂದೇ ಬೂದು. ಇದು ಕಣ್ಣಿಗೆ ತಂಪೆಂದು ಮೂಲೆಯಲ್ಲೊಂದು ಸಂದೇಶವನ್ನೂ ತೋರಿಸಿದಿರಿ. ಮೇಲು ಕೀಳುಗಳನ್ನು ಒಂದೇ ಏಟಿಗೆ ಅಳಿಸಿಹಾಕಿದ ತಮ್ಮ ಸಮಾನತೆಯ ಮುಂದೆ ಯಾವ ಸಮಾಜ ಸುಧಾರಕರೂ ನಿಲ್ಲಲಾರರು.

ನಮ್ಮ ಕಚೇರಿಯ ಪದ್ಧತಿಯೊಂದನ್ನು ತಮಗೆ ಅರಿಕೆ ಮಾಡಬೇಕು. ಯಾವ ಬೀಗದ್ದೆಂದು ತಿಳಿಯದ ಬೀಗದ ಕೈಯನ್ನು ಮನೆಯಲ್ಲಿ ಯಾರೂ ಎಸೆಯುವುದಿಲ್ಲವಲ್ಲ, ಹಾಗೆ ನಾವು ಹಳೆಯ ಸಾಲುಗಳನ್ನು ಎಂದೂ ಅಳಿಸುವುದಿಲ್ಲ. ತಲೆಗೊಂದು ಗುರುತು, ಬುಡಕ್ಕೊಂದು ಗುರುತು ಹಾಕಿ ಟಿಪ್ಪಣಿಯಾಗಿಸಿಬಿಡುತ್ತೇವೆ. ನಡುವಿನ ಮುನ್ನೂರು ಸಾಲು ಹಸಿರಾಗಿ ನೆಮ್ಮದಿಯಿಂದ ಮಲಗಿರುತ್ತವೆ. ಹಸಿರು ಸತ್ತದ್ದು, ಉಳಿದದ್ದು ಬದುಕಿದ್ದು. ಹೊಸದಾಗಿ ಸೇರಿದವರಿಗೆ ನಾವು ಹೇಳಿಕೊಡುವ ಮೊದಲ ಪಾಠ ಇದೇ.

ಅದೇ ಮಂಗಳವಾರ ಒಂದು ಚಿಕಿತ್ಸಾಲಯದಿಂದ ದೂರು ಬಂತು: ಗಾಲಿಕುರ್ಚಿ ಪೂರ್ತಿ ಒಳಗೆ ಬರುವ ಮೊದಲೇ ನಮ್ಮ ಲಿಫ್ಟಿನ ಬಾಗಿಲು ಮುಚ್ಚಿಕೊಳ್ಳುತ್ತಿದೆ. ಮಂಡಿನೋವಿಗೆಂದು ಅಲ್ಲಿಗೆ ದಿನ ಬಿಟ್ಟು ದಿನ ಹೋಗುವವರಲ್ಲಿ ನನ್ನ ಅತ್ತೆಯೂ ಒಬ್ಬರು. ಬಾಗಿಲು ಕಾಯುವ ಸಮಯದ ಸಾಲನ್ನು ಹುಡುಕಿ ಎರಡು ಸೆಕೆಂಡನ್ನು ಎಂಟು ಮಾಡಿದೆ. ಬಾಗಿಲು ಕೇಳಲಿಲ್ಲ. ಹನ್ನೆರಡು ಮಾಡಿದೆ, ಇಪ್ಪತ್ತು ಮಾಡಿದೆ, ಸಿಟ್ಟು ಬಂದು ನೂರೂ ಮಾಡಿದೆ. ಅದರದ್ದು ಎರಡೇ ಸೆಕೆಂಡು. ಗುರುವಾರ ಅದು ಅತ್ತೆಯ ಪಾದವನ್ನೇ ಅದುಮಿತು. ಪುಣ್ಯಕ್ಕೆ ಮೂಳೆ ಉಳಿಯಿತು. ಸೊಸೆಯ ಕೆಲಸವೇನೆಂದು ಇಷ್ಟು ವರ್ಷ ಕೇಳದಿದ್ದ ಅತ್ತೆ, ಅಂದು ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಬಂದು ಮೊದಲ ಸಲ ಕೇಳಿದರು.

ಮೂರು ದಿನವೂ ನಾನು ಮದ್ದು ಹಾಕಿದ್ದು ಸತ್ತ ಸಾಲಿಗೆ ಎಂಬುದು ನಿನ್ನೆ ಮುನ್ನೂರು ಸಾಲು ಮೇಲೆ ಹೋಗಿ ಆ ತಲೆಯ ಗುರುತನ್ನು ನೋಡಿದಾಗ ತಿಳಿಯಿತು. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದವರಿಗೆ ಕೈಯಾದರೂ ಹುಳಿಯಾಗುತ್ತದೆ. ತಮ್ಮ ಸಹಾಯವಾಣಿಗೆ ಬರೆದರೆ ಸೆಟ್ಟಿಂಗ್ಸ್ ನೋಡಿ ಎಂದರು. ನೋಡಿದೆ, ನಲವತ್ತೆರಡು ಆಯ್ಕೆಗಳಲ್ಲಿ ನಲವತ್ತು ಬೂದಿನ ಬಗೆಗಳು, ಉಳಿದೆರಡು ಅವುಗಳ ಬಗ್ಗೆ ಮೆಚ್ಚುಗೆ ಬರೆಯಲು.

ಆದ್ದರಿಂದ ತಾವು ಕೂಡಲೇ ನಮ್ಮ ಬಣ್ಣಗಳನ್ನು ಮರಳಿಸಬೇಕು. ಅದಾಗದಿದ್ದರೆ ಆ ಲಿಫ್ಟಿನ ಹೊಸ್ತಿಲಲ್ಲಿ ಖುದ್ದಾಗಿ ನಿಂತು ಬಾಗಿಲು ಹಿಡಿದುಕೊಳ್ಳಬೇಕು. ಅದೂ ಆಗದಿದ್ದರೆ ನಮ್ಮ ಮನೆಗೆ ದಯಮಾಡಿಸಿ, ಅತ್ತೆಯ ಕಾಲು ಒತ್ತುತ್ತಾ, ಬೂದು ಬಣ್ಣ ಕಣ್ಣಿಗೆ ಎಷ್ಟು ತಂಪೆಂದು ತಾವೇ ವಿವರಿಸಬೇಕು.

ಬೇರೆ ಎಡಿಟರ್ ಕಲಿಯಲು ಸೋಮಾರಿತನ ಬಿಡದ ಕಾರಣಕ್ಕಷ್ಟೇ,
ತಮ್ಮ ವಿಶ್ವಾಸಿ,
ಲಿಫ್ಟ್ ಬಾಗಿಲುಗಳ ಉಸ್ತುವಾರಿ

ತಾ.ಕ.: ಇಷ್ಟು ಬರೆಯುವಷ್ಟರಲ್ಲಿ ತಮ್ಮ ಹಳೆಯ ಆವೃತ್ತಿಯನ್ನೇ ಪಕ್ಕದ ಮೇಜಿನವರು ಮತ್ತೆ ಹಾಕಿಕೊಟ್ಟು ಬಣ್ಣಗಳು ಬಂದಿವೆ. ಬದುಕಿರುವ ಸಾಲು ಸಿಕ್ಕಿತು, ಎಂಟು ಸೆಕೆಂಡು ಮಾಡಿದೆ, ಬಾಗಿಲು ಈಗ ತಾಳ್ಮೆಯಿಂದ ಕಾಯುತ್ತಿದೆ. ಆದರೆ ಆ ಸಾಲಿನ ನೆತ್ತಿಯ ಮೇಲೆ, ಕಣ್ಣಿಗೆ ರಾಚುವ ಹಸಿರಿನಲ್ಲಿ, ಕಳೆದ ತಿಂಗಳ ತಾರೀಕು ಮತ್ತು ನನ್ನದೇ ಹೆಸರಿನೊಂದಿಗೆ ಒಂದು ಟಿಪ್ಪಣಿಯಿದೆ: ‘ಆರು ಸೆಕೆಂಡು ಕಾಯುವುದು ದಂಡ, ಎರಡು ಧಾರಾಳ ಸಾಕು, ಹತ್ತುವವರು ಚುರುಕಾಗಲಿ.’ ಸೋಮವಾರ ದೂರಿನ ವಿಚಾರಣೆಗೆ ಮೇಲಧಿಕಾರಿಗಳು ಈ ಕಡತವನ್ನು ದೊಡ್ಡ ಪರದೆಯ ಮೇಲೆ ತೆರೆಸಿ ನೋಡುತ್ತಾರೆ, ಅತ್ತೆಯನ್ನೂ ಕರೆಸಿದ್ದಾರೆ. ಆ ಒಂದು ದಿನದ ಮಟ್ಟಿಗೆ ಎಲ್ಲವನ್ನೂ ಬೂದು ಮಾಡಿಕೊಡಬೇಕಾಗಿ ವಿನಂತಿ.